ರೀಲಿನ ಕಾಲದ ಸತ್ಯನ್ ಈಗ ಮೊಬೈಲ್ ಪರದೆ ಮೇಲೆ

ನಂಜನಗೂಡು: ದೊಡ್ಡ ಜಾತ್ರೆ ದಿನ ಶ್ರೀಕಂಠೇಶ್ವರನ ತೇರು ಒಂದು ಸಲ ಅಲುಗಾಡಿದರೆ ಸಾಕು, ರಥಬೀದಿಯಲ್ಲಿ ಹಣ್ಣು-ಜವನ ಎಸೆಯೋ ಕೈಗಳಿಗಿಂತ ಮೊಬೈಲ್ ಎತ್ತಿ ಹಿಡಿದ ಕೈಗಳೇ ಜಾಸ್ತಿ. 2025ರ ಫೆಬ್ರವರಿಯಲ್ಲಿ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ನಡೆದ ಕುಂಭಮೇಳದಲ್ಲೂ ಅಷ್ಟೇ, ಮೊದಲು ಸೆಲ್ಫಿ, ಆಮೇಲೆ ಮುಳುಗು. ಇದೇ ಊರುಗಳ ಹಿರಿಯರಿಗೆ ಫೋಟೊ ಅಂದ್ರೆ ಮದುವೆಗೊಂದು, ನಾಮಕರಣಕ್ಕೊಂದು. ಸ್ಟುಡಿಯೊ ಪರದೆ ಮುಂದೆ ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತು.

ಫೋಟೊ ಅಷ್ಟು ದುಬಾರಿಯಾಗಿದ್ದ ಕಾಲದಲ್ಲಿ, ದುಡ್ಡು ಕೊಟ್ಟು ತೆಗೆಸಿಕೊಳ್ಳಲಾಗದ ಜನರ ಕಡೆಗೇ ಕ್ಯಾಮೆರಾ ತಿರುಗಿಸಿದವರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್.

ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲೇ. ಬನುಮಯ್ಯ ಶಾಲೆ, ಮಹಾರಾಜ ಕಾಲೇಜಿನಲ್ಲಿ ಓದು. ಓದಿದ ಹುಡುಗ ಸರ್ಕಾರಿ ನೌಕರಿ ಹಿಡಿಯಬೇಕು ಅಂತ ಮನೆಮಂದಿ ಬಯಸುತ್ತಿದ್ದ ಕಾಲ ಅದು. ಪತ್ರಿಕೆಗೆ ಫೋಟೊ ತೆಗೆದು ಸಂಸಾರ ನಡೆಸೋದು ಒಂದು ಉದ್ಯೋಗ ಅಂತ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಸತ್ಯನ್ ಅಲ್ಲಿ ಸೇರಿಕೊಂಡರು. ಮುಂದೆ ಬೊಂಬಾಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿ, ಆಮೇಲೆ ಯಾರ ಹಂಗೂ ಇಲ್ಲದೆ ಸ್ವತಂತ್ರವಾಗಿ ದುಡಿಮೆ. ಲೈಫ್, ಟೈಮ್, ನ್ಯೂಸ್‌ವೀಕ್‌ನಂಥ ಪತ್ರಿಕೆಗಳಲ್ಲೂ ಅವರ ಚಿತ್ರ ಬಂದವು.

ಆ ಕೆಲಸ ಹೇಗಿತ್ತು ಅನ್ನೋದು ಇವತ್ತಿನ ಹುಡುಗರಿಗೆ ಗೊತ್ತಿರಬೇಕು. ದೊಡ್ಡ ರೀಲಿನಲ್ಲಿ 12 ಚಿತ್ರ, ಸಣ್ಣದರಲ್ಲಿ 36. ಕ್ಲಿಕ್ ಮಾಡಿದ್ದು ಹೇಗೆ ಬಂದಿದೆ ಅಂತ ಅಲ್ಲೇ ನೋಡೋ ಹಾಗಿಲ್ಲ. ಕತ್ತಲೆ ಕೋಣೆಯಲ್ಲಿ ರೀಲನ್ನು ಡೆವಲಪರ್‌ಗೆ, ಆಮೇಲೆ ಹೈಪೊಗೆ ಹಾಕಿ, ತೊಳೆದು, ಒಣಗಿಸಿದ ಮೇಲಷ್ಟೇ ಗೊತ್ತಾಗೋದು. ಕೆಟ್ಟಿದ್ದರೆ ಕೆಟ್ಟಿತು, ಆ ಗಳಿಗೆ ಹೋಯ್ತು. ನೆಹರೂ ಅವರಂಥವರ ಚಿತ್ರವನ್ನೂ ಸತ್ಯನ್ ತೆಗೆದಿದ್ದಾರೆ, ನಿಜ. ಆದರೆ ದೊಡ್ಡವರ ಸುತ್ತ ಕ್ಯಾಮೆರಾಗಳಿಗೆ ಎಂದೂ ಬರ ಇರಲಿಲ್ಲ. ಎಣಿಸಿ ಖರ್ಚು ಮಾಡಬೇಕಾದ ರೀಲನ್ನು ಅವರು ಹೆಸರಿಲ್ಲದವರಿಗೆ, ಅದರಲ್ಲೂ ಮಕ್ಕಳಿಗೆ ಧಾರಾಳವಾಗಿ ಕೊಟ್ಟರಲ್ಲ, ಅವರ ತೂಕ ಇರೋದು ಅಲ್ಲೇ.

ದೆಹಲಿಯಲ್ಲಿದ್ದ ವರ್ಷಗಳಲ್ಲಿ ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಾಗಿ ಊರೂರು ಸುತ್ತಿದರು. ಸಿಡುಬು ನಿರ್ಮೂಲನೆಯ ಕೆಲಸವನ್ನೂ ಚಿತ್ರದಲ್ಲಿ ಹಿಡಿದರು. ನಮ್ಮ ಹಳ್ಳಿಗಳಲ್ಲಿ ಸಿಡುಬಿಗೆ ಅಮ್ಮ ಅಂತಲೇ ಹೆಸರು, ಜನ ಹೆದರಿ ಮಗುವನ್ನು ಒಳಗೇ ಇಟ್ಟುಬಿಡುತ್ತಿದ್ದರು. ಆರೋಗ್ಯ ಕಾರ್ಯಕರ್ತರು ಕವಲು ಮೊನೆಯ ಸಣ್ಣ ಸೂಜಿಯ ಜೊತೆ ಒಂದು ಫೋಟೊ ಕಾರ್ಡನ್ನೂ ಒಯ್ಯುತ್ತಿದ್ದರು. ಸಿಡುಬೆದ್ದ ಮಗುವಿನ ಆ ಚಿತ್ರ ತೋರಿಸಿ, ಇಂಥ ಮುಖ ಎಲ್ಲಾದರೂ ಕಂಡಿರಾ ಅಂತ ಮನೆಮನೆ ವಿಚಾರಿಸುತ್ತಿದ್ದರು. ಓದು ಬಾರದವರಿಗೂ ಅದು ಅರ್ಥವಾಗುತ್ತಿತ್ತು. ದೇಶದ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರಲ್ಲಿ. ಒಂದು ಫೋಟೊ ಎಷ್ಟು ಕೆಲಸ ಮಾಡಬಲ್ಲದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1977ರಲ್ಲಿ ಪದ್ಮಶ್ರೀ ಬಂತು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು. ಮುಂದೆ ಮೈಸೂರಿಗೇ ಮರಳಿದ ಸತ್ಯನ್ ತಮ್ಮ ಬದುಕಿನ ಕಥೆಯನ್ನು ಬರೆದರು. ಕನ್ನಡದಲ್ಲಿ ಅದರ ಹೆಸರು 'ಕಾಲಕ್ಕೆ ಕನ್ನಡಿ'. 2009ರ ಡಿಸೆಂಬರ್ 13ರಂದು, 86 ತುಂಬಲು ಐದೇ ದಿನ ಇರುವಾಗ, ಮೈಸೂರಿನಲ್ಲೇ ತೀರಿಕೊಂಡರು. ಅಷ್ಟರಲ್ಲಿ ರೀಲು ಹೆಚ್ಚುಕಮ್ಮಿ ಮಾಯವಾಗಿತ್ತು, ಮೊಬೈಲಿಗೆ ಕ್ಯಾಮೆರಾ ಬಂದಾಗಿತ್ತು.

ಈಗ ಫೋಟೊ ತೆಗೆಯೋಕೆ ಕಾಸು ಬೇಡ, ಕೂಲಿಯವನ ಮಗಳ ಹುಟ್ಟುಹಬ್ಬಕ್ಕೂ ನೂರು ಚಿತ್ರ. ಸತ್ಯನ್ ಕಾಲದಲ್ಲಿ ಇದು ಕನಸು. ಇದನ್ನು ಹಳಿಯೋದು ಸರಿಯಲ್ಲ. ಆದರೆ ಮೊಬೈಲ್ ನೀರಿಗೆ ಬಿದ್ದ ದಿನ ಮಗಳ ಬಾಲ್ಯವೇ ಅಳಿಸಿಹೋದ ಮನೆಗಳೂ ಇವೆ. ಅಜ್ಜಿಯ ಟ್ರಂಕಿನಲ್ಲಿರೋ ಕಪ್ಪು-ಬಿಳುಪು ಮದುವೆ ಫೋಟೊ ಮಾತ್ರ ಅಂಚು ಮಾಸಿದ್ದರೂ ಹಾಗೇ ಇದೆ.

ಸತ್ಯನ್ ಚಿತ್ರಗಳ ಸಂಗ್ರಹ ಈಗ ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯಲ್ಲಿರುವ ಮ್ಯಾಪ್ ವಸ್ತುಸಂಗ್ರಹಾಲಯದಲ್ಲಿದೆ. ಅವುಗಳಲ್ಲಿ ಅನೇಕವನ್ನು ಅಂತರ್ಜಾಲದಲ್ಲೂ ನೋಡಬಹುದು. ನಂಜನಗೂಡಿನಲ್ಲೇ ಕೂತು, ಮೊಬೈಲಿನಲ್ಲಿ, ಎರಡು ಬೆರಳಲ್ಲಿ ದೊಡ್ಡದು ಮಾಡಿಕೊಂಡು.