ಅಂಧ ಬಾಲಕನಿಗೆ ತೆರೆದ ಶಾಲೆಯ ಬಾಗಿಲು

ಅಂಧರ ಲಿಪಿಗೆ ತಮ್ಮ ಹೆಸರನ್ನೇ ಕೊಟ್ಟ ಲೂಯಿ ಬ್ರೈಲ್‌ರನ್ನು ನಾವೆಲ್ಲರೂ ಬಲ್ಲೆವು. ಆದರೆ ಅವರಿಗೆ ಶಾಲೆಯ ಬಾಗಿಲನ್ನು ತೆರೆದವರನ್ನು ನಾವು ನೆನೆಯುವುದು ವಿರಳ.

1809ರ ಜನವರಿ 4ರಂದು ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂವ್ರೆ ಗ್ರಾಮದಲ್ಲಿ ಬ್ರೈಲ್ ಜನಿಸಿದರು. ತಂದೆ ಕುದುರೆಗಳ ಜೀನು, ಲಗಾಮುಗಳನ್ನು ಮಾಡುವ ಕಸುಬಿನವರು. ಮೂರನೆಯ ವಯಸ್ಸಿನಲ್ಲಿ ತೊಗಲು ಚುಚ್ಚುವ ಹತಾರು ಮಗುವಿನ ಕಣ್ಣಿಗೆ ತಗಲಿತು. ನಂಜು ಇನ್ನೊಂದು ಕಣ್ಣಿಗೂ ಹರಡಿ, ಐದರ ವೇಳೆಗೆ ದೃಷ್ಟಿ ಸಂಪೂರ್ಣವಾಗಿ ನಂದಿತು.

ಬಡ ಅಂಧರಲ್ಲಿ ಅನೇಕರಿಗೆ ಭಿಕ್ಷಾಟನೆಯೇ ಗತಿಯಾಗಿದ್ದ ಕಾಲವದು. 1815ರಲ್ಲಿ ಆ ಧರ್ಮಕೇಂದ್ರಕ್ಕೆ ಬಂದ ಗುರು ಜಾಕ್ ಪಾಲ್ಯುಯಿ ಬಾಲಕನ ಬುದ್ಧಿಯನ್ನು ಗುರುತಿಸಿ ತಾವೇ ಪಾಠ ಹೇಳಿದರು. ಬಳಿಕ ಊರಿನ ಉಪಾಧ್ಯಾಯ ಬೆಶೆರೆ ಅವರ ಮನವೊಲಿಸಿ, ಕಣ್ಣುಳ್ಳ ಮಕ್ಕಳ ಶಾಲೆಗೇ ಸೇರಿಸಿದರು. ಚುಕ್ಕೆಗಳ ಲಿಪಿ ಆಗಿನ್ನೂ ಹುಟ್ಟಿರಲಿಲ್ಲ. ಬಾಲಕ ಕಿವಿಯಿಂದಲೇ ಕಲಿತನು, ಜಾಣನೆನಿಸಿಕೊಂಡನು. ಸಾಧನಗಳಿಗಿಂತ ಮೊದಲು ಉಪಾಧ್ಯಾಯರ ಸಮ್ಮತಿ ದೊರೆಯಿತು.

1819ರಲ್ಲಿ ಪ್ಯಾರಿಸಿನ ಅಂಧರ ಶಾಲೆಯನ್ನು ಸೇರಿದ ಬ್ರೈಲ್, ಬಾರ್ಬಿಯೇ ಎಂಬುವರ ಹನ್ನೆರಡು ಚುಕ್ಕೆಗಳ ಪದ್ಧತಿಯನ್ನು ಆರಕ್ಕಿಳಿಸಿ, ಹದಿನೈದನೆಯ ವಯಸ್ಸಿನಲ್ಲಿಯೇ ಹೊಸ ಲಿಪಿಯನ್ನು ರೂಪಿಸಿದರು. 1829ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಶಾಲೆಯಲ್ಲಿ ಅಧ್ಯಾಪಕರಾದರು, ದೇವಾಲಯದಲ್ಲಿ ಆರ್ಗನ್ ವಾದಕರಾದರು. ಆದರೂ 1840ರ ದಶಕದಲ್ಲಿ ಆ ಶಾಲೆಯ ನಿರ್ದೇಶಕರೇ ಈ ಲಿಪಿಯನ್ನು ನಿಷೇಧಿಸಿದರು. ವಿದ್ಯಾರ್ಥಿಗಳು ಅದನ್ನು ಗುಟ್ಟಾಗಿ ಬಳಸಿದರು. ಅಂಧರಿಗಾಗಿಯೇ ಇದ್ದ ಶಾಲೆಯಲ್ಲಿ ಅಂಧರ ಬೆರಳಿಗೆ ಒಗ್ಗಿದ ಅಕ್ಷರಕ್ಕೆ ಎಡೆಯಿಲ್ಲವಾಯಿತು! ಕಟ್ಟಡವಾಗಲಿ, ಪದವಿಯಾಗಲಿ ಬೋಧಕರ ಮನಸ್ಸನ್ನು ತಾನಾಗಿ ತೆರೆಯಲಾರದೆಂಬುದಕ್ಕೆ ಇದೇ ಸಾಕ್ಷಿ.

ಕ್ಷಯದಿಂದ ಬಳಲಿದ ಬ್ರೈಲ್ 1852ರ ಜನವರಿ 6ರಂದು, ನಲವತ್ತಮೂರರ ವಯಸ್ಸಿನಲ್ಲಿ ನಿಧನರಾದರು. ಅವರ ಲಿಪಿಗೆ ಅಧಿಕೃತ ಮನ್ನಣೆ ದೊರೆತದ್ದು 1854ರಲ್ಲಿ. ಇಂದು ಕನ್ನಡವನ್ನೂ ಅದೇ ಆರು ಚುಕ್ಕೆಗಳಲ್ಲಿ ಓದಬಹುದಾಗಿದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಯ ಶಾಲೆಗೂ ಇಂಥ ಮಗು ಬರಬಹುದು. ತರಗತಿ ತುಂಬಿದೆ, ತರಬೇತಿಯಿಲ್ಲ ಎಂಬ ಉಪಾಧ್ಯಾಯರ ಅಳಲು ಸುಳ್ಳಲ್ಲ. ತರಬೇತಿ, ನೆರವು ಅವರಿಗೆ ಸಲ್ಲಲೇಬೇಕು. ಆದರೆ ಮಗುವಿನ ವಯಸ್ಸು ಅದಕ್ಕಾಗಿ ಕಾಯದು. ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ, ನೆರೆಯ ಶಾಲೆಯಲ್ಲಿ ಅಥವಾ ತಮಗೆ ಬೇಕೆನಿಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ಕಾಯಿದೆಯು ನೀಡಿದೆ. ಕಾಯಿದೆಯು ದಾಖಲಾತಿ ಕೊಡಿಸಬಲ್ಲದು. ಅಕ್ಕರೆಯನ್ನು ಕೊಡಬೇಕಾದವರು ಮನುಷ್ಯರೇ.

ಆದುದರಿಂದ, ಪ್ರಿಯ ತಂದೆತಾಯಿಗಳೇ, ಅಂಥ ಮಗುವನ್ನು ಮನೆಯ ಮೂಲೆಯಲ್ಲಿ ಮರೆಸದಿರೋಣ. ನಮ್ಮ ಇತರ ಮಕ್ಕಳಿಗೆ ಅದರ ಪಕ್ಕದಲ್ಲಿ ಕೂರಲು ಕಲಿಸೋಣ. ಗುರು ಪಾಲ್ಯುಯಿ ಅವರಂತೆ ಆ ಮಗುವಿನ ಪರವಾಗಿ ಉಪಾಧ್ಯಾಯರ ಬಳಿ ಹೋಗಿ ಮಾತಾಡುವ ಕರ್ತವ್ಯ ನಮ್ಮೆಲ್ಲರದು.