ಮುಂಡರಗಿ ಭೀಮರಾಯ

ಮುಂಡರಗಿ ಭೀಮರಾಯ (ಭೀಮರಾವ್ ನಾಡಗೀರ, ಮರಣ: 1 ಜೂನ್ 1858, ಕೊಪ್ಪಳ) 1857–58ರ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಉತ್ತರ ಕರ್ನಾಟಕದಲ್ಲಿ ಶಸ್ತ್ರ ಹಿಡಿದ ನಾಯಕರಲ್ಲಿ ಒಬ್ಬನು. ಇಂದಿನ ಗದಗ ಜಿಲ್ಲೆಯ ಮುಂಡರಗಿಯವನಾದ ಈತನು ಹಮ್ಮಿಗಿಯ ಕೆಂಚನಗೌಡನೊಂದಿಗೆ ಸೇರಿ ಡಂಬಳದ ಸರ್ಕಾರಿ ಖಜಾನೆಯನ್ನು ವಶಪಡಿಸಿಕೊಂಡು, ಬಳಿಕ ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ನಡೆದ ಕದನದಲ್ಲಿ ಮಡಿದನು. ಕಂಪನಿಯ ಕಾಗದಪತ್ರಗಳಲ್ಲಿ ದಂಗೆಕೋರನೆಂದು ದಾಖಲಾದ ಈತನಿಗೆ ಸ್ವಾತಂತ್ರ್ಯ ಹೋರಾಟಗಾರನೆಂಬ ಮನ್ನಣೆ ದೊರೆತದ್ದು ಬಹುಕಾಲದ ನಂತರ.

ಮನೆತನ ಮತ್ತು ಸರ್ಕಾರಿ ಸೇವೆ

ಭೀಮರಾಯನು ಮುಂಡರಗಿಯ ನಾಡಗೀರ (ನಾಡಗೌಡ) ಮನೆತನಕ್ಕೆ ಸೇರಿದವನು. ನಾಡಗೌಡರು ಹಲವು ಹಳ್ಳಿಗಳ ಕಂದಾಯ ವ್ಯವಹಾರವನ್ನು ವಂಶಪಾರಂಪರ್ಯವಾಗಿ ನೋಡಿಕೊಳ್ಳುತ್ತಿದ್ದವರು. ಈ ಸೇವೆಗಾಗಿ ಅವರಿಗೆ ಇನಾಮು ಭೂಮಿಯೂ ಊರೂರುಗಳಲ್ಲಿ ಮಾನಮರ್ಯಾದೆಯೂ ಇದ್ದವು. ಪೇಶ್ವೆಗಳ ಆಳ್ವಿಕೆ 1818ರಲ್ಲಿ ಕೊನೆಗೊಂಡು ಧಾರವಾಡ ಸೀಮೆಯು ಕಂಪನಿಯ ಕೈಸೇರಿದ ಮೇಲೆ ಇಂತಹ ಮನೆತನಗಳ ಅಧಿಕಾರ ಕ್ರಮೇಣ ಕುಗ್ಗುತ್ತ ಬಂದಿತು.

ಓದುಬರಹ ಬಲ್ಲ ಭೀಮರಾಯನು ಕಂಪನಿ ಸರ್ಕಾರದ ಸೇವೆಗೆ ಸೇರಿ, ಮದರಾಸು ಪ್ರಾಂತ್ಯಕ್ಕೆ ಒಳಪಟ್ಟಿದ್ದ ಬಳ್ಳಾರಿ ಭಾಗದಲ್ಲಿ ತಹಶೀಲ್ದಾರನಾಗಿ ಕೆಲಸ ಮಾಡಿದನು. ಮೇಲಧಿಕಾರಿಗಳೊಂದಿಗೆ ಹೊಂದಿಕೆಯಾಗದೆ ಆತನು ಆ ಹುದ್ದೆಯನ್ನು ಕಳೆದುಕೊಂಡನು. ಸರ್ಕಾರದ ಕಚೇರಿ, ಖಜಾನೆ ಮತ್ತು ಟಪಾಲು ವ್ಯವಸ್ಥೆಗಳನ್ನು ಒಳಗಿನಿಂದ ಕಂಡಿದ್ದ ಅನುಭವದಿಂದಾಗಿ ಆತನು ಆ ಭಾಗದ ಇತರ ಬಂಡಾಯಗಾರರಿಗಿಂತ ಭಿನ್ನನಾಗಿ ಕಾಣುತ್ತಾನೆ.

ಬಂಡಾಯದ ಹಿನ್ನೆಲೆ

ಉತ್ತರ ಕರ್ನಾಟಕದ 1857–58ರ ಬಂಡಾಯಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಇನಾಮು ವಿಚಾರಣೆ. ಮುಂಬಯಿ ಪ್ರಾಂತ್ಯದಲ್ಲಿ ಕಂದಾಯವಿಲ್ಲದೆ ಅಥವಾ ಕಡಿಮೆ ಕಂದಾಯಕ್ಕೆ ಭೂಮಿ ಅನುಭವಿಸುತ್ತಿದ್ದವರ ಹಕ್ಕುಗಳನ್ನು ಪರಿಶೀಲಿಸಲು ಇನಾಮು ಆಯೋಗವಿದ್ದು, 1852ರ ಕಾಯ್ದೆಯು ಅದಕ್ಕೆ ಹೆಚ್ಚಿನ ಬಲ ನೀಡಿತು. ಭೂಮಿಯ ಹಕ್ಕನ್ನು ಸನದುಗಳಿಂದ ಸಿದ್ಧಪಡಿಸಬೇಕಾಗಿತ್ತು. ತಲೆಮಾರುಗಳಿಂದ ಭೂಮಿಯನ್ನು ಅನುಭವಿಸಿಕೊಂಡು ಬಂದಿದ್ದರೂ ಕಾಗದಪತ್ರಗಳನ್ನು ಕಳೆದುಕೊಂಡಿದ್ದ ಮನೆತನಗಳು ಇದರಿಂದ ಕಂಗಾಲಾದವು. ಊರಿಗೆಲ್ಲ ತಿಳಿದ ಸಂಗತಿಯಾದರೂ ಕಾಗದವಿಲ್ಲದಿದ್ದರೆ ಸರ್ಕಾರದ ದೃಷ್ಟಿಯಲ್ಲಿ ಅದಕ್ಕೆ ಬೆಲೆ ಇರಲಿಲ್ಲ.

ಎರಡನೆಯದು ದತ್ತಕದ ಪ್ರಶ್ನೆ. ಗಂಡು ಸಂತಾನವಿಲ್ಲದ ಸಂಸ್ಥಾನಿಕರಿಗೆ ದತ್ತು ಸ್ವೀಕಾರದ ಅನುಮತಿಯನ್ನು ನಿರಾಕರಿಸಲಾಗುತ್ತಿತ್ತು. ನರಗುಂದದ ಭಾಸ್ಕರರಾವ್ ಭಾವೆ ಅಥವಾ ಬಾಬಾಸಾಹೇಬನ ಅಸಮಾಧಾನಕ್ಕೆ ಇದೇ ಮುಖ್ಯ ಕಾರಣವಾಗಿತ್ತು.

ಮೂರನೆಯದು 1857ರ ನಿಶ್ಶಸ್ತ್ರೀಕರಣ ಕಾಯ್ದೆ. ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳುವುದು ಅಪರಾಧವಾಯಿತು. ಬೇಟೆ, ಕಾವಲು ಮತ್ತು ಸಿಪಾಯಿ ವೃತ್ತಿಯಿಂದ ಬದುಕುತ್ತಿದ್ದವರಿಗೆ ಆಯುಧವೇ ಜೀವನಾಧಾರವೂ ಗೌರವದ ಗುರುತೂ ಆಗಿತ್ತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರ್‌ನಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದಾಗ ಕಂಪನಿಯ ಸೈನ್ಯವು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು.

ನಾಯಕರ ಒಕ್ಕೂಟ

1858ರ ಆರಂಭದಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನು ಕಂಪನಿಯ ವಿರುದ್ಧ ಎದ್ದುನಿಂತನು. ಫೆಬ್ರವರಿಯಲ್ಲಿ ಸುರಪುರವು ಕಂಪನಿಯ ವಶವಾಗಿ, ಆತನನ್ನು ಹೈದರಾಬಾದಿನಲ್ಲಿ ಸೆರೆಹಿಡಿಯಲಾಯಿತು. ಸುರಪುರ ಬಿದ್ದ ಮೇಲೂ ತುಂಗಭದ್ರೆ ಮತ್ತು ಮಲಪ್ರಭೆಗಳ ನಡುವಿನ ಪ್ರದೇಶದಲ್ಲಿ ಅಸಮಾಧಾನ ಆರಲಿಲ್ಲ.

ಭೀಮರಾಯನು ಈ ಭಾಗದ ದೇಸಾಯಿಗಳನ್ನು ಒಟ್ಟುಗೂಡಿಸುವ ಕೆಲಸದಲ್ಲಿ ತೊಡಗಿದನು. ತುಂಗಭದ್ರಾ ತೀರದ ಹಮ್ಮಿಗಿಯ ಕೆಂಚನಗೌಡನು ಆತನ ಆಪ್ತ ಸಂಗಾತಿಯಾದನು. ಡಂಬಳ, ಸೊರಟೂರು, ಗೋವಿನಕೊಪ್ಪ ಮೊದಲಾದ ಊರುಗಳ ದೇಸಾಯಿಗಳ ಹೆಸರುಗಳೂ ಈ ಒಕ್ಕೂಟದೊಂದಿಗೆ ಸೇರಿಕೊಂಡಿವೆ. ನರಗುಂದದ ಬಾಬಾಸಾಹೇಬನೊಂದಿಗೂ ಭೀಮರಾಯನಿಗೆ ಸಂಪರ್ಕವಿತ್ತು. ಎಲ್ಲರೂ ಒಂದೇ ಸಮಯಕ್ಕೆ ಏಳಬೇಕೆಂಬುದು ಇವರ ಉದ್ದೇಶವಾಗಿತ್ತು.

ಹಮ್ಮಿಗಿ ಮತ್ತು ಡಂಬಳ

ಬಂಡಾಯಕ್ಕಾಗಿ ಕೂಡಿಟ್ಟಿದ್ದ ಆಯುಧಗಳು ಹಮ್ಮಿಗಿಯಲ್ಲಿ ಸರ್ಕಾರಿ ನೌಕರರ ಕಣ್ಣಿಗೆ ಬಿದ್ದವು. ಅವುಗಳಿಗೆ ಮುದ್ರೆ ಹಾಕಿ ಕಾವಲು ಇರಿಸಲಾಯಿತು. ಇದರಿಂದ ಭೀಮರಾಯನು ನಿಗದಿತ ಸಮಯಕ್ಕಾಗಿ ಕಾಯುವಂತಿರಲಿಲ್ಲ. 1858ರ ಮೇ 24ರ ಸುಮಾರಿಗೆ ಆತನ ತಂಡವು ಕಾವಲುಗಾರರ ಮೇಲೆ ಬಿದ್ದು ಆಯುಧಗಳನ್ನು ಬಿಡಿಸಿಕೊಂಡಿತು. ಅಲ್ಲಿಂದ ಡಂಬಳಕ್ಕೆ ಸಾಗಿ ಸರ್ಕಾರಿ ಖಜಾನೆಯನ್ನು ವಶಪಡಿಸಿಕೊಂಡಿತು.

ಈ ಸುದ್ದಿಯೊಂದಿಗೆ ಬಂಡಾಯವು ಬಹಿರಂಗವಾಯಿತು. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನಾಗಿದ್ದ ಚಾರ್ಲ್ಸ್ ಮ್ಯಾನ್ಸನ್ ಸಣ್ಣ ಪಡೆಯೊಂದಿಗೆ ರಾಮದುರ್ಗದ ಕಡೆಯಿಂದ ನರಗುಂದದತ್ತ ಹೊರಟನು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಜನರು ದಾಳಿ ಮಾಡಿ ಆತನನ್ನು ಕೊಂದರು. ನರಗುಂದ ಮತ್ತು ಡಂಬಳಗಳು ಹೀಗೆ ಒಂದೇ ವಾರದೊಳಗೆ ಸಿಡಿದರೂ ಎರಡೂ ಪಡೆಗಳು ಒಂದೆಡೆ ಸೇರಲು ಆಗಲಿಲ್ಲ.

ಕೊಪ್ಪಳ ಕೋಟೆಯ ಆಯ್ಕೆ

ಭೀಮರಾಯ ಮತ್ತು ಕೆಂಚನಗೌಡರು ಡಂಬಳದಿಂದ ಪೂರ್ವಕ್ಕೆ ತಿರುಗಿ, ಕಂಪನಿಯ ಗಡಿ ದಾಟಿ, ನಿಜಾಮನ ರಾಜ್ಯಕ್ಕೆ ಸೇರಿದ ಕೊಪ್ಪಳವನ್ನು ಹಿಡಿದರು. ಕೊಪ್ಪಳವು ಹೈದರಾಬಾದಿನ ದಿವಾನ ಸಾಲಾರ್ ಜಂಗನ ಜಹಗೀರಾಗಿತ್ತು.

ಬಂಡೆಗಲ್ಲಿನ ಎತ್ತರದ ಬೆಟ್ಟದ ಮೇಲಿರುವ ಈ ಕೋಟೆಯು ಹಿಂದಿನಿಂದಲೂ ಅಭೇದ್ಯವೆಂದು ಹೆಸರಾಗಿತ್ತು. ಟಿಪ್ಪು ಸುಲ್ತಾನನು 1786ರಲ್ಲಿ ಇದನ್ನು ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರರ ನೆರವಿನಿಂದ ಬಲಪಡಿಸಿದ್ದನು. 1790ರಲ್ಲಿ ಕಂಪನಿ ಮತ್ತು ನಿಜಾಮನ ಪಡೆಗಳು ಮುತ್ತಿಗೆ ಹಾಕಿದಾಗ ಕೋಟೆಯು ಹಲವು ತಿಂಗಳು ತಡೆದುನಿಂತು 1791ರಲ್ಲಿ ಶರಣಾಯಿತು. 1819ರಲ್ಲಿ ಜಮೀನ್ದಾರನಾಗಿದ್ದ ವೀರಪ್ಪನು ನಿಜಾಮನ ವಿರುದ್ಧ ದಂಗೆಯೆದ್ದು ಕೊಪ್ಪಳ ಮತ್ತು ಬಹದ್ದೂರಬಂಡಿ ಕೋಟೆಗಳನ್ನು ಹಿಡಿದಿದ್ದನು. ಕಂಪನಿಯ ಸೈನ್ಯವು ನಿಜಾಮನ ನೆರವಿಗೆ ಬಂದು ಅವನನ್ನು ಸೋಲಿಸಿತು.

ಇಂತಹ ಕೋಟೆಯಲ್ಲಿ ಕೆಲಕಾಲ ನಿಂತರೆ ಇತರ ದೇಸಾಯಿಗಳು ಕೂಡಿಕೊಳ್ಳಲು ಅವಕಾಶವಾಗುತ್ತಿತ್ತು. ಆದರೆ ಕೋಟೆ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಕಾಯಲು ಸಾಕಷ್ಟು ಜನ, ಮದ್ದುಗುಂಡು ಮತ್ತು ದವಸ ಬೇಕು. ಇವನ್ನು ಕೂಡಿಸಿಕೊಳ್ಳುವಷ್ಟು ಸಮಯ ಭೀಮರಾಯನಿಗೆ ಸಿಗಲಿಲ್ಲ.

ಕದನ ಮತ್ತು ಮರಣ

ಬಳ್ಳಾರಿ ಕಡೆಯಿಂದ ಮೇಜರ್ ಹ್ಯೂಸ್‌ನ ನಾಯಕತ್ವದಲ್ಲಿ ಬಂದ ಪಡೆಯು ಕೊಪ್ಪಳವನ್ನು ಮುಟ್ಟಿ, 1858ರ ಜೂನ್ 1ರಂದು ಕೋಟೆಯ ಮೇಲೆ ದಾಳಿ ಮಾಡಿತು. ಹಿಂದೆ ತಿಂಗಳುಗಟ್ಟಲೆ ಮುತ್ತಿಗೆಯನ್ನು ತಡೆದಿದ್ದ ಕೋಟೆಯು ಈ ಬಾರಿ ಒಂದೇ ದಿನದಲ್ಲಿ ಬಿದ್ದಿತು. ಭೀಮರಾಯ ಮತ್ತು ಕೆಂಚನಗೌಡರು ಹೋರಾಡುತ್ತಲೇ ಮಡಿದರು. ಅವರ ಸಂಗಡಿಗರಲ್ಲಿ ಹಲವರು ಸತ್ತರು, ಗಾಯಗೊಂಡರು, ಉಳಿದವರು ಸೆರೆಸಿಕ್ಕರು. ಸೆರೆಯಾದವರಲ್ಲಿ ಅನೇಕರು ಮರಣದಂಡನೆಗೆ ಗುರಿಯಾದರು.

ಮರುದಿನ, ಜೂನ್ 2ರಂದು, ನರಗುಂದದ ಬಾಬಾಸಾಹೇಬನು ಸೆರೆಯಾದನು. ಜೂನ್ 12ರಂದು ಆತನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಇದರೊಂದಿಗೆ ಈ ಭಾಗದ ಬಂಡಾಯವು ಮೂರು ವಾರಗಳೊಳಗೆ ಕೊನೆಗೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಕಂಪನಿಯ ಆಡಳಿತವೂ ಮುಗಿದು ಭಾರತವು ಬ್ರಿಟಿಷ್ ರಾಣಿಯ ಆಳ್ವಿಕೆಗೆ ಒಳಪಟ್ಟಿತು.

ದಾಖಲೆಗಳ ಪ್ರಶ್ನೆ

ಭೀಮರಾಯನ ಜೀವನವನ್ನು ಬರೆಯುವವರಿಗೆ ಆತನ ಊರೂರುಗಳ ನಡುವಿನ ಗಡಿಗಳೇ ಮೊದಲ ತೊಡಕು. ಹುಟ್ಟೂರಾದ ಮುಂಡರಗಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ನೌಕರಿ ಮಾಡಿದ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. ಮಡಿದ ಕೊಪ್ಪಳ ನಿಜಾಮನ ಹೈದರಾಬಾದ್ ರಾಜ್ಯದಲ್ಲಿತ್ತು. ಒಂದೆರಡು ದಿನಗಳ ಪ್ರಯಾಣದಷ್ಟು ಅಂತರದಲ್ಲಿರುವ ಈ ಸ್ಥಳಗಳ ಕಾಗದಪತ್ರಗಳು ಮೂರು ಬೇರೆ ಬೇರೆ ಸರ್ಕಾರಗಳ ದಫ್ತರಗಳಿಗೆ ಸೇರಿದವು.

ಎರಡನೆಯ ತೊಡಕು, ಆ ಕಾಗದಗಳನ್ನು ಬರೆದವರು ಯಾರು ಎಂಬುದು. ಅವು ಹೆಚ್ಚಾಗಿ ಬಂಡಾಯವನ್ನು ಅಡಗಿಸಿದ ಅಧಿಕಾರಿಗಳ ವರದಿಗಳು. ಮುಂಬಯಿ ಗ್ಯಾಸೆಟಿಯರಿನ 1884ರ ಧಾರವಾಡ ಸಂಪುಟವೂ ಈ ಘಟನೆಗಳನ್ನು ಆಳುವವರ ದೃಷ್ಟಿಯಿಂದಲೇ ವಿವರಿಸುತ್ತದೆ. ಇಂತಹ ಬರಹಗಳಲ್ಲಿ ದಂಗೆಯ ನಾಯಕರಿಗೆ ಹೆಸರುಗಳಿವೆ. ಅವರ ಹಿಂದೆ ನಿಂತ ರೈತ, ಬೇಡ, ಸಿಪಾಯಿ ಮೊದಲಾದವರು ಬಹುತೇಕ ಸಂಖ್ಯೆಗಳಾಗಿ ಉಳಿದಿದ್ದಾರೆ.  

ಹಲಗಲಿಯ ಬೇಡರ ಕತೆಯನ್ನು ಜನರ ಲಾವಣಿ ಉಳಿಸಿತು. ಶಾಸನತಜ್ಞ ಜಾನ್ ಫೇಯ್ತ್‌ಫುಲ್ ಫ್ಲೀಟನು ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಸರ್ಕಾರಿ ವರದಿಗಳ ಪಕ್ಕದಲ್ಲಿ ಜನರ ಮಾತಿಗೂ ಸ್ಥಾನ ದೊರೆಯಿತು. ಸರ್ಕಾರದ ಕಡತದಲ್ಲಿ ಇಲ್ಲದ್ದು ಜನರ ಬಾಯಲ್ಲಿ ಉಳಿಯಬಲ್ಲದೆಂಬುದಕ್ಕೆ ಇದು ಉತ್ತಮ ನಿದರ್ಶನ.

ಮನ್ನಣೆ

ಸ್ವಾತಂತ್ರ್ಯಾನಂತರ, 1957ರಲ್ಲಿ 1857ರ ಸಂಗ್ರಾಮದ ಶತಮಾನೋತ್ಸವ ನಡೆದ ಸಂದರ್ಭದಲ್ಲಿ ಹಳೆಯ ಸರ್ಕಾರಿ ಕಾಗದಗಳ ಪ್ರಕಟಣೆಗೆ ಚಾಲನೆ ದೊರೆಯಿತು. 1956ರಲ್ಲಿ ಭಾಷಾವಾರು ಪ್ರಾಂತ್ಯ ರಚನೆಯಾಗಿ ಧಾರವಾಡ, ಬಳ್ಳಾರಿ ಮತ್ತು ರಾಯಚೂರು ಜಿಲ್ಲೆಗಳು ಒಂದೇ ರಾಜ್ಯಕ್ಕೆ ಸೇರಿದ್ದೂ ನೆರವಾಯಿತು. ಅಲ್ಲಿಯವರೆಗೆ ಮೂರು ಪ್ರಾಂತ್ಯಗಳ ಚರಿತ್ರೆಯಲ್ಲಿ ಹಂಚಿಹೋಗಿದ್ದ ಭೀಮರಾಯನ ಬಂಡಾಯವನ್ನು ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಭಾಗವಾಗಿ ನೋಡುವುದು ಆ ಬಳಿಕ ಸುಲಭವಾಯಿತು. ಎಂ. ವಿ. ಕೃಷ್ಣರಾವ್ ಮತ್ತು ಜಿ. ಎಸ್. ಹಾಲಪ್ಪ ಅವರು ಸಿದ್ಧಪಡಿಸಿದ ಕರ್ನಾಟಕ ಸ್ವಾತಂತ್ರ್ಯ ಚಳವಳಿಯ ಇತಿಹಾಸದ ಮೊದಲ ಸಂಪುಟವು 1962ರಲ್ಲಿ ಪ್ರಕಟವಾಯಿತು. ಇಂದು ಸುರಪುರ, ಹಲಗಲಿ ಮತ್ತು ನರಗುಂದಗಳೊಂದಿಗೆ ಮುಂಡರಗಿಯ ಹೆಸರನ್ನೂ ಹೇಳುವುದು ರೂಢಿಯಾಗಿದೆ.

ಭೀಮರಾಯನು ಮಡಿದ ತೊಂಬತ್ತು ವರ್ಷಗಳ ನಂತರ ಮುಂಡರಗಿ–ಕೊಪ್ಪಳದ ಗಡಿಯು ಮತ್ತೊಮ್ಮೆ ಹೋರಾಟದ ನೆಲವಾಯಿತು. 1947–48ರಲ್ಲಿ ಹೈದರಾಬಾದ್ ವಿಮೋಚನೆಗಾಗಿ ಭಾರತ ಒಕ್ಕೂಟದ ಗಡಿಯೊಳಗೆ ಶಿಬಿರಗಳು ನಡೆದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಯವರು, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ನಾಯಕರಾಗಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಯುವಕರು ಈ ಹೋರಾಟದಲ್ಲಿ ಭಾಗವಹಿಸಿದರು. 1948ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರದ ಸೇನಾ ಕಾರ್ಯಾಚರಣೆಯೊಂದಿಗೆ ನಿಜಾಮನ ಆಳ್ವಿಕೆ ಕೊನೆಗೊಂಡಿತು.

ಈ ತಲೆಮಾರಿನ ಹೋರಾಟಗಾರರೂ ದಾಖಲೆಗಳ ತೊಡಕನ್ನು ಎದುರಿಸಬೇಕಾಯಿತು. ಕೇಂದ್ರ ಸರ್ಕಾರವು 1972ರಲ್ಲಿ ಸ್ವಾತಂತ್ರ್ಯ ಯೋಧರ ಪಿಂಚಣಿಯನ್ನು ಆರಂಭಿಸಿತು. ಸೆರೆವಾಸ ಅನುಭವಿಸಿದವರು, ಭೂಗತರಾಗಿದ್ದವರು, ಗೋಲಿಬಾರು ಅಥವಾ ಲಾಠಿ ಏಟಿನಿಂದ ಶಾಶ್ವತವಾಗಿ ಅಂಗವಿಕಲರಾದವರು ಇದಕ್ಕೆ ಅರ್ಹರು. 1980ರ ದಶಕದಲ್ಲಿ ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳ ಹೋರಾಟವೂ ಯೋಜನೆಯ ವ್ಯಾಪ್ತಿಗೆ ಬಂದಿತು. ಆದರೆ ಗಡಿ ಶಿಬಿರಗಳಲ್ಲಿ ಗುಟ್ಟಾಗಿ ಕೆಲಸ ಮಾಡಿದವರ ಬಳಿ ಹಾಜರಿ ಪುಸ್ತಕವೂ ಇರಲಿಲ್ಲ, ವೈದ್ಯರ ಚೀಟಿಯೂ ಇರಲಿಲ್ಲ. ಹಳೆಯ ಸರ್ಕಾರದ ಕಡತ ಸಿಗದಿದ್ದಾಗ, ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನೂ ಜೊತೆಗಾರ ಹೋರಾಟಗಾರರ ಸಾಕ್ಷ್ಯವನ್ನೂ ಒದಗಿಸಬೇಕಾಗುತ್ತಿತ್ತು. ವರ್ಷಗಳು ಕಳೆದಂತೆ ಅಂತಹ ಸಾಕ್ಷಿಗಳೂ ಒಬ್ಬೊಬ್ಬರಾಗಿ ತೀರಿಹೋದರು.

ಇಂತಹ ಅರ್ಜಿಗಳ ಬಗ್ಗೆ ಸುಪ್ರೀಂ ಕೋರ್ಟು ಉದಾರ ನಿಲುವನ್ನು ತಳೆಯಿತು. ಅರ್ಜಿ ತಡವಾಯಿತೆಂಬ ಒಂದೇ ಕಾರಣಕ್ಕೆ ಪಿಂಚಣಿ ನಿರಾಕರಿಸಬಾರದೆಂದು 1993ರ ಮುಕುಂದಲಾಲ್ ಭಂಡಾರಿ ಪ್ರಕರಣದಲ್ಲಿ ತೀರ್ಮಾನಿಸಿತು. ಕ್ರಿಮಿನಲ್ ಮೊಕದ್ದಮೆಯಲ್ಲಿರುವಂತೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆಯನ್ನು ಹೋರಾಟಗಾರರಿಂದ ಕೇಳಬಾರದೆಂದು 2001ರ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

1858ರ ಹೋರಾಟಗಾರರಿಗೆ ಅರ್ಜಿ ಸಲ್ಲಿಸುವ ಕಾಲವೇ ಬರಲಿಲ್ಲ. ಅವರ ಪಾಲಿಗೆ ಮನ್ನಣೆಯೆಂದರೆ ಇತಿಹಾಸದಲ್ಲಿ ಹೆಸರು ಸೇರುವುದಷ್ಟೆ. ಭೀಮರಾಯ ಮತ್ತು ಕೆಂಚನಗೌಡರಿಗೆ ಅದು ದೊರೆತಿದೆ. ಅವರೊಂದಿಗೆ ಕೊಪ್ಪಳದ ಬೆಟ್ಟವೇರಿದ ಉಳಿದವರ ಹೆಸರುಗಳಿಗಾಗಿ ಧಾರವಾಡ, ಬಳ್ಳಾರಿ ಮತ್ತು ಹೈದರಾಬಾದ್ ಸೀಮೆಗಳ ಕಾಗದಗಳನ್ನು ಒಟ್ಟಿಗೆ ಇಟ್ಟು ಓದುವುದು, ಊರುಗಳ ಹಿರಿಯರ ನೆನಪುಗಳನ್ನು ಬರೆದಿಡುವುದು ಅಗತ್ಯವಾಗಿದೆ.

ಇವನ್ನೂ ನೋಡಿ

ಕೊಪ್ಪಳ ಕೋಟೆ
ಹಲಗಲಿಯ ಬೇಡರು
ನರಗುಂದದ ಬಾಬಾಸಾಹೇಬ
ಸುರಪುರದ ವೆಂಕಟಪ್ಪ ನಾಯಕ
ಹೈದರಾಬಾದ್ ಕರ್ನಾಟಕ ವಿಮೋಚನೆ