ಕನ್ನಡದ ರೇಡಿಯೊ ಕಟ್ಟಿದ್ದು ಮನಸ್ಸು ಅಳೆಯುತ್ತಿದ್ದ ಮೇಷ್ಟ್ರು

ಚುನಾವಣೆ ಹತ್ತಿರ ಬಂತು ಅಂದ್ರೆ ಗಾಂಧಿ ಬಜಾರಿನ ಕಾಫಿ ಟೇಬಲ್‌ಗಳಲ್ಲಿ ಒಂದು ಜಗಳ ಗ್ಯಾರಂಟಿ. ಆಕಾಶವಾಣಿ, ದೂರದರ್ಶನ ಯಾವ ಪಕ್ಷಕ್ಕೆ ಎಷ್ಟು ಹೊತ್ತು ಕೊಟ್ಟವು? ಯಾರೋ ಒಬ್ಬರು ಮೊಬೈಲಿನಲ್ಲಿ ಸೆಕೆಂಡು ಎಣಿಸಿಟ್ಟುಕೊಂಡಿರುತ್ತಾರೆ. ಇನ್ನೊಬ್ಬರು ಆ ಲೆಕ್ಕವೇ ತಪ್ಪು ಅನ್ನುತ್ತಾರೆ. ಈ ಜಗಳಕ್ಕೆ ಬೇಕಾದ ಒಬ್ಬ ಮನುಷ್ಯನನ್ನು ಮಾತ್ರ ಇಬ್ಬರೂ ನೆನೆಯುವುದಿಲ್ಲ. ಅವರು ಎಂ.ವಿ. ಗೋಪಾಲಸ್ವಾಮಿ.

ಆಕಾಶವಾಣಿಯ ಸಂಸ್ಥಾಪಕ ಅಂತ ಕ್ವಿಜ್‌ಗಳಲ್ಲಿ ಅವರ ಹೆಸರು ಬರುತ್ತದೆ. ಆದರೆ ರೇಡಿಯೊ ಅವರ ಕಸುಬಲ್ಲ, ಹುಚ್ಚು. ಕಸುಬು ಮನಃಶಾಸ್ತ್ರ. ಲಂಡನ್ನಿನಲ್ಲಿ ಅವರು ಕಲಿತದ್ದು ಚಾರ್ಲ್ಸ್ ಸ್ಪಿಯರ್‌ಮನ್ ಕೈಕೆಳಗೆ. ಬುದ್ಧಿಯನ್ನು ಅಂಕಿಯಲ್ಲಿ ಹಿಡಿಯಲು ಹೊರಟವರಲ್ಲಿ ಸ್ಪಿಯರ್‌ಮನ್ ದೊಡ್ಡ ಹೆಸರು. 1904ರಲ್ಲೇ ಅವರು ಇನ್ನೊಂದು ವಿಷಯವನ್ನೂ ಗಣಿತದಲ್ಲಿ ತೋರಿಸಿದ್ದರು: ಅಳತೆಗೋಲಿನಲ್ಲೇ ದೋಷವಿದ್ದರೆ ಎರಡು ಸಂಗತಿಗಳ ನಡುವಿನ ನಿಜವಾದ ಸಂಬಂಧ ಮಸುಕಾಗಿ ಕಾಣುತ್ತದೆ. ಅಂದರೆ ಅಳೆಯುವ ಮೊದಲು ಅಳತೆಗೋಲನ್ನೇ ಅಳೆಯಬೇಕು.

ಆ ಪಾಠ ಹೊತ್ತು ಬಂದವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ದೇಶದಲ್ಲೇ ಅಂಥವು ಒಂದೆರಡು ಇದ್ದ ಕಾಲ ಅದು. ಪಶ್ಚಿಮದ ಬುದ್ಧಿಮಾಪನ ಪರೀಕ್ಷೆಗಳನ್ನು ಇಲ್ಲಿಗೆ ಒಗ್ಗಿಸುವ ಕೆಲಸಕ್ಕೆ ಕೈ ಹಾಕಿದರು. ಕೇಳೋಕೆ ಸುಲಭ, ಮಾಡೋಕೆ ಕಷ್ಟದ ಕೆಲಸ. ಲಂಡನ್ ಮಗುವಿಗೆ ಬರೆದ ಪ್ರಶ್ನೆಯನ್ನು ಹಾಗೇ ಕನ್ನಡ ಮಾಡಿ ಮಂಡ್ಯದ ಮಗುವಿಗೆ ಕೊಟ್ಟರೆ ಬರುವ ಅಂಕ ಮಗುವಿನ ಬುದ್ಧಿಯದ್ದಲ್ಲ, ಆ ಮಗು ಲಂಡನ್ನಿನಿಂದ ಎಷ್ಟು ದೂರ ಇದೆ ಅನ್ನುವುದರದ್ದು.

ಇದೇ ಮೇಷ್ಟ್ರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಬಾನುಲಿ ಶುರುಮಾಡಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ 30 ವ್ಯಾಟ್. ಇವತ್ತು ಮನೆಯಲ್ಲಿ ಉರಿಯುವ ಬಲ್ಬುಗಳ ಲೆಕ್ಕ! ಆಮೇಲೆ 250 ವ್ಯಾಟಿನದ್ದು ಬಂತು. ಸಂಗೀತ, ಭಾಷಣ, ಊರಿನ ವಿದ್ವಾಂಸರು. ಆಕಾಶವಾಣಿ ಅನ್ನುವ ಹೆಸರು ಕೊಟ್ಟವರು ಜೊತೆಗಾರ ನಾ. ಕಸ್ತೂರಿ. ಖರ್ಚು ಮಾತ್ರ ಹೆಚ್ಚಿನಂಶ ಮೇಷ್ಟ್ರ ಜೇಬಿನದು. ಸಂಬಳದ ಮೇಲೆ ರೇಡಿಯೊ ಎಷ್ಟು ದಿನ ನಡೆದೀತು? ಪುರಸಭೆ ಕೈ ಹಿಡಿಯಿತು. ಕೊನೆಗೆ 1942ರಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು.

ನನ್ನ ಮಟ್ಟಿಗೆ ಪಕ್ಷಪಾತದ ಕಥೆ ಶುರುವಾಗುವುದು ಇಲ್ಲಿಂದ. ಮನೆಯಿಂದ ಪುರಸಭೆಗೆ, ಅಲ್ಲಿಂದ ಅರಮನೆಗೆ, 1950ರಲ್ಲಿ ದಿಲ್ಲಿಯ ಆಲ್ ಇಂಡಿಯಾ ರೇಡಿಯೊ ಒಳಗೆ. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಶುರುವಾದಾಗ ಮೈಸೂರಿನ ನಿಲಯ ಇಲ್ಲಿಗೇ ಬಂತು. 1957ರಲ್ಲಿ ಇಡೀ ದೇಶದ ರೇಡಿಯೊ ಆಕಾಶವಾಣಿ ಅನ್ನಿಸಿಕೊಂಡಿತು. ಮೈಸೂರಿನ ಹೆಸರು ದಿಲ್ಲಿಗೆ ಹೋಯಿತು, ಮೈಸೂರಿನ ರೇಡಿಯೊದ ಹಿಡಿತವೂ ಅಲ್ಲಿಗೇ ಹೋಯಿತು. ಯಾವ ಸ್ಟಾಪ್‌ವಾಚೂ ಇದನ್ನು ಹಿಡಿಯುವುದಿಲ್ಲ.

ಎಣಿಕೆ ಪೂರ್ತಿ ದಂಡ ಅಂತ ನಾನು ಹೇಳ್ತಿಲ್ಲ. ತುರ್ತುಪರಿಸ್ಥಿತಿ ಮುಗಿದ ಮೇಲೆ, 1977ರಲ್ಲಿ, ಜನತಾ ಸರ್ಕಾರ ಮಾಧ್ಯಮ ದುರ್ಬಳಕೆಯ ಬಗ್ಗೆ ಶ್ವೇತಪತ್ರ ತಂದಿತು. ಅದರಲ್ಲಿ ಆಕಾಶವಾಣಿ ಸುದ್ದಿಯ ಸಾಲುಗಳನ್ನು ಎಣಿಸಿದ ಲೆಕ್ಕವಿದೆ: ಕಾಂಗ್ರೆಸ್ ವಕ್ತಾರರಿಗೆ 2,207 ಸಾಲು, ವಿರೋಧ ಪಕ್ಷಗಳಿಗೆ 34. ಇಷ್ಟು ವಾಲಿದ ತಕ್ಕಡಿಗೆ ಸೂಕ್ಷ್ಮ ಅಳತೆ ಬೇಕಿಲ್ಲ. ಆದರೆ ಅಂತರ ಕಮ್ಮಿ ಇದ್ದಾಗ? ಸರ್ಕಾರ ನಡೆಸುವವರು ದಿನಾ ಏನಾದರೂ ಮಾಡುತ್ತಾರೆ, ಸುದ್ದಿ ಆಗುತ್ತಾರೆ. ಮಂತ್ರಿಯನ್ನು ತರಾಟೆಗೆ ತೆಗೆದುಕೊಂಡ ಎರಡು ನಿಮಿಷವೂ ಗಡಿಯಾರದಲ್ಲಿ ಮಂತ್ರಿಗೆ ಸಿಕ್ಕ ಎರಡು ನಿಮಿಷವೇ. ಹೇಳದೆ ಬಿಟ್ಟ ಸುದ್ದಿಗೆ ಸೆಕೆಂಡೇ ಇಲ್ಲ.

ಅಮೆರಿಕದಲ್ಲಿ ಇದು ನಗೆಪಾಟಲಾಗಿದೆ. ಅಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಹಣ ಕೊಡುತ್ತಿದ್ದ ನಿಗಮದ ಅಧ್ಯಕ್ಷ ಕೆನೆತ್ ಟಾಮ್ಲಿನ್ಸನ್, ಬಿಲ್ ಮಾಯರ್ಸ್ ಕಾರ್ಯಕ್ರಮಕ್ಕೆ ಬರುವ ಅತಿಥಿಗಳು ಎಡವೋ ಬಲವೋ ಅಂತ ಗುರುತು ಹಾಕಿಸಲು ಸುಮಾರು 14 ಸಾವಿರ ಡಾಲರ್ ಕೊಟ್ಟು ಒಬ್ಬರನ್ನು ನೇಮಿಸಿದ್ದರು. ಇರಾಕ್ ಯುದ್ಧದ ಬಗ್ಗೆ ಪ್ರಶ್ನೆ ಎತ್ತಿದ ತಪ್ಪಿಗೆ, ರಿಪಬ್ಲಿಕನ್ ಸೆನೆಟರ್ ಚಕ್ ಹೇಗಲ್ ಆ ಪಟ್ಟಿಯಲ್ಲಿ ಲಿಬರಲ್ ಆಗಿಬಿಟ್ಟರು. 2005ರಲ್ಲಿ ವಿಷಯ ಹೊರಬಿತ್ತು, ಟಾಮ್ಲಿನ್ಸನ್ ಹುದ್ದೆಯಿಂದ ಇಳಿದರು. ಅವರ ಅಳತೆಗೋಲು ಅಳೆದದ್ದು ಕಾರ್ಯಕ್ರಮವನ್ನಲ್ಲ, ಅಧ್ಯಕ್ಷ ಬುಷ್ ಕಡೆಗಿನ ನಿಷ್ಠೆಯನ್ನು. ಸ್ಪಿಯರ್‌ಮನ್ ಶಿಷ್ಯರ ಕ್ಲಾಸಿನಲ್ಲಿ ಇದು ಮೊದಲ ವಾರವೇ ಫೇಲ್ ಆಗುವ ಪರೀಕ್ಷೆ.

ನಮ್ಮೂರಿನ ಉದಾಹರಣೆ ನಗುವಂಥದ್ದಲ್ಲ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ 10 ನಿಮಿಷದ ಉರ್ದು ವಾರ್ತೆ ಶುರುಮಾಡಿತು. ಗಲಭೆಯಾಗಿ 20ಕ್ಕೂ ಹೆಚ್ಚು ಜನ ಸತ್ತರು. ನಿಮಿಷದ ಲೆಕ್ಕ ಇಟ್ಟವರಿಗೆ ಆ ಬುಲೆಟಿನ್ ಇಡೀ ದಿನದ ಪ್ರಸಾರದಲ್ಲಿ ಒಂದು ಚೂರು. ಕನ್ನಡ, ಉರ್ದು, ತಮಿಳು ಮೂರೂ ಕಿವಿಗೆ ಬೀಳುವ ಚಾಮರಾಜಪೇಟೆಯಂಥ ಕಡೆ ಕೇಳಬೇಕಿದ್ದ ಪ್ರಶ್ನೆ ಬೇರೆ: ಇದನ್ನು ಯಾರು, ಯಾರನ್ನು ಕೇಳಿ ತೀರ್ಮಾನಿಸಿದರು?

ಗೋಪಾಲಸ್ವಾಮಿಯವರ ರೇಡಿಯೊದಲ್ಲಿ ಆ ಪ್ರಶ್ನೆಗೆ ವಿಳಾಸ ಇತ್ತು. ಕಾರ್ಯಕ್ರಮ ಸರಿಯಿಲ್ಲ ಅನ್ನಿಸಿದರೆ ವಿಠ್ಠಲ ವಿಹಾರದ ಬಾಗಿಲು ತಟ್ಟಬಹುದಿತ್ತು. ಅದನ್ನು ತೀರಾ ರಮ್ಯ ಮಾಡಬೇಕಿಲ್ಲ; ಒಬ್ಬ ಪ್ರೊಫೆಸರ್ ಮನೆಯ ರೇಡಿಯೊದಲ್ಲಿ ಪ್ರೊಫೆಸರ್‌ಗಳ ಲೋಕವೇ ಜಾಸ್ತಿ ಕೇಳಿಸಿರಬೇಕು. ಅದೂ ಒಂದು ವಾಲಿಕೆಯೇ. ಆದರೆ ಹಣ ಯಾರದು, ಹಿಡಿತ ಯಾರದು ಅನ್ನುವುದು ಕೇಳುವವನಿಗೆ ಗೊತ್ತಿತ್ತು.

ಆಕಾಶವಾಣಿಗೆ ಸ್ವಾಯತ್ತ ನಿಗಮ ಬೇಕು ಅಂತ ಚಂದಾ ಸಮಿತಿ ಹೇಳಿದ್ದು 1966ರಲ್ಲಿ. ವರ್ಗೀಸ್ ಸಮಿತಿ 1978ರಲ್ಲಿ ಮತ್ತೆ ಸ್ವಾಯತ್ತತೆಯ ಮಾತನ್ನೇ ಎತ್ತಿತು. ಪ್ರಸಾರ ಭಾರತಿ ಕಾಯ್ದೆ ಪಾಸಾದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಸಿಬ್ಬಂದಿಯ ಸಂಬಳಕ್ಕೆ ಅದು ಇವತ್ತಿಗೂ ನೆಚ್ಚಿಕೊಂಡಿರುವುದು ಕೇಂದ್ರ ಸರ್ಕಾರದ ಅನುದಾನವನ್ನು.